ಗಡಿಯಾರದ ಕೆಳಗೆ ಕೂತ ಸೋದರತ್ತೆ

ಫೆಬ್ರವರಿ 3, ಸೋಮವಾರ

ಇವತ್ತು ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಿದೆ. ಅದೂ ಒಂದೇ ಸಲಕ್ಕೆ.

ಕನ್ನಡಕ ಅಡುಗೆಮನೆಯಲ್ಲಿತ್ತು. ಏಳಲು ಸೋಮಾರಿತನ. ನೋಡೋಣವೆಂದು ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಹಿಡಿದರೆ, ಸೂಜಿಯ ತೂತು ಬಾಗಿಲು ತೆರೆದಿಟ್ಟ ಹಾಗೆ ಕಾಣಿಸಿತು. ತೆಗೆದೆ, ಮತ್ತೆ ಪೋಣಿಸಿದೆ. ನಂಬಿಕೆ ಬಾರದೆ ಐದಾರು ಸಲ ಅದನ್ನೇ ಮಾಡಿದೆ. ನನಗೀಗ ಐವತ್ಮೂರು. ಒಂಬತ್ತು ವರ್ಷದಿಂದ ಮೂಗಿನ ಮೇಲೆ ಠಿಕಾಣಿ ಹೂಡಿದ್ದ ಕನ್ನಡಕಕ್ಕೆ ಇನ್ನು ರಜೆ. ಇದನ್ನೂ ಬರಿಗಣ್ಣಲ್ಲೇ ಬರೆಯುತ್ತಿದ್ದೇನೆ. ಅಕ್ಷರಗಳು ಎಷ್ಟು ಕಪ್ಪಗಿವೆ.

ಅಕ್ಕನಿಗೆ ಹೇಳಲಿಲ್ಲ. ಸಕ್ಕರೆ ಕಾಯಿಲೆ ಅವಳ ಎರಡೂ ಕಣ್ಣು ತಿಂದು ಆರು ವರ್ಷವಾಯಿತು. ಅಂದಿನಿಂದ ನನ್ನ ಜೊತೆಗೇ ಇದ್ದಾಳೆ. ಕೆಳಗಿನ ಅಂಗಡಿಯ ದರ್ಜಿ ಕಳಿಸುವ ಗುಂಡಿಗಳನ್ನು ಬೆರಳಲ್ಲೇ ಗುರುತಿಸಿ, ಬೇರೆ ಬೇರೆ ಡಬ್ಬಿಗೆ ಹಾಕಿಕೊಡುತ್ತಾಳೆ. ಅವಳ ಮುಂದೆ ಕಣ್ಣಿನ ಜಂಬ ಕೊಚ್ಚಿಕೊಳ್ಳಬಾರದು. ಅದಕ್ಕೇ ಇಲ್ಲಿ ಕೊಚ್ಚಿಕೊಳ್ಳುತ್ತಿದ್ದೇನೆ.

ಫೆಬ್ರವರಿ 6, ಗುರುವಾರ

ಕಿಟಕಿಯ ಗಾಜನ್ನು ಎರಡು ಸಲ ಒರೆಸಿದೆ. ಮಂಜು ಹೋಗಲಿಲ್ಲ. ಆಮೇಲೆ ಕಿಟಕಿಯನ್ನೇ ತೆರೆದೆ. ಮಂಜು ಹೊರಗೂ ಇತ್ತು.

ನಾಲ್ಕು ಗಂಟೆಗೆ ಕೆಲಸ ನಿಲ್ಲಿಸಿ ನಾವಿಬ್ಬರೂ ಕಿಟಕಿಯ ಹತ್ತಿರ ಚಹಾ ಕುಡಿಯುವುದು ರೂಢಿ. ಅವಳದು ಸಪ್ಪೆ, ನನ್ನದಕ್ಕೆ ಮೂರು ಚಮಚ ಸಕ್ಕರೆ. ಬೀದಿಯಲ್ಲಿ ಏನೇನಾಗುತ್ತಿದೆ ಎಂದು ಅವಳು ಕೇಳುತ್ತಾಳೆ, ನಾನು ಹೇಳುತ್ತೇನೆ. ಎದುರಿನ ಅಂಚೆ ಕಚೇರಿಯ ದೊಡ್ಡ ಗಡಿಯಾರ ನೋಡಿ ಗಂಟೆ ಎಷ್ಟೆಂದು ಹೇಳುವುದರಿಂದ ನನ್ನ ವರದಿ ಶುರು. ಇವತ್ತು ಗಡಿಯಾರದ ಮುಳ್ಳುಗಳು ಕರಗಿಹೋಗಿದ್ದವು. ಅಂದಾಜಿನ ಮೇಲೆ ನಾಲ್ಕೂ ಐದು ಎಂದೆ.

ಬೀದಿ ಮಾತ್ರ ಎಷ್ಟು ಚೆಂದವಿತ್ತು! ಜನಕ್ಕೆ ಅಂಚೇ ಇರಲಿಲ್ಲ. ಒಬ್ಬರ ಬಣ್ಣ ಇನ್ನೊಬ್ಬರಿಗೆ ತಾಗಿಕೊಂಡು ಹೋಗುತ್ತಿತ್ತು. ದೀಪ ಹೊತ್ತಿದ ಮೇಲೆ ಒಂದೊಂದು ದೀಪದ ಸುತ್ತಲೂ ದುಂಡನೆಯ ಬೆಳಕು ಅರಳಿ ನಿಂತಿತು. ಇಷ್ಟು ವರ್ಷ ಇದೇ ಕಿಟಕಿಯಲ್ಲಿ ಕೂತು ನಾನು ನೋಡಿದ್ದು ಬರೀ ಧೂಳು, ಜಗಳ, ಕೆಟ್ಟು ನಿಂತ ಬಸ್ಸು. ಗಡಿಯಾರದ ಕೆಳಗಿನ ಕಟ್ಟೆಯ ಮೇಲೆ ಒಂದು ಬಿಳಿ ಹಕ್ಕಿ ಬಂದು ಕೂತಿತ್ತು. ಆಗಾಗ ರೆಕ್ಕೆ ಸ್ವಲ್ಪ ಎತ್ತಿ ಮತ್ತೆ ಇಳಿಸುತ್ತಿತ್ತು, ಹಾರಲಿಲ್ಲ. ಅಕ್ಕನಿಗೆ ಹೇಳಿದೆ.

"ಕೂತಲ್ಲೇ ಕೂತು ಊರವರನ್ನೆಲ್ಲಾ ನೋಡ್ತಾಳಾ?" ಎಂದು ಕೇಳಿದಳು. ಹೌದೆಂದೆ. "ಹಾಗಾದ್ರೆ ಅವಳು ನಮ್ಮ ಸೋದರತ್ತೆ."

ಇಬ್ಬರೂ ನಕ್ಕೆವು. ತುಂಬಾ ದಿನದ ಮೇಲೆ ಹಾಗೆ ನಕ್ಕಿದ್ದು.

ಫೆಬ್ರವರಿ 11, ಮಂಗಳವಾರ

ಇವತ್ತು ರೈಲಿನ ಗಾರ್ಡ್ ಒಬ್ಬರು ತಮ್ಮ ಸಮವಸ್ತ್ರದ ಕೋಟು ತಂದರು. ಕಡುನೀಲಿ ಉಣ್ಣೆ. ಎದೆಯ ಎಡಭಾಗದಲ್ಲಿ ಕಿಡಿ ಬಿದ್ದು ಹೆಬ್ಬೆರಳಗಲ ಸುಟ್ಟಿದೆ. ಇಪ್ಪತ್ತೆಂಟಕ್ಕೆ ಅವರ ನಿವೃತ್ತಿ. ಹೊಸ ಕೋಟು ಸಿಗುತ್ತದಲ್ಲ ಎಂದು ಕೇಳಿದ್ದಕ್ಕೆ, "ಸಿಗುತ್ತೆ ಅಮ್ಮಾ. ಆದ್ರೆ ಅದರೊಳಗೆ ನಾನಿರಲ್ವಲ್ಲ" ಎಂದರು. ಕೊನೆಯ ಗಾಡಿಗೆ ಇದನ್ನೇ ತೊಟ್ಟು ಹೋಗಬೇಕಂತೆ. ಗೊತ್ತೇ ಆಗದ ಹಾಗೆ ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟೆ.

ನನ್ನ ರಫೂ ಕೆಲಸವೆಂದರೆ ತೇಪೆ ಹಚ್ಚುವುದಲ್ಲ. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ತೂತಿನ ಮೇಲೆ ಉದ್ದಕ್ಕೂ ಅಡ್ಡಕ್ಕೂ ನೇಯ್ದು ಮುಚ್ಚುವುದು. ಬಿಡಿಸಿದ ಎಳೆಯನ್ನು ರಟ್ಟಿನ ಚೂರಿಗೆ ಸುತ್ತಿ, ಆ ಬಟ್ಟೆಯದೇ ಜೇಬಿಗೆ ತಕ್ಷಣ ಹಾಕಬೇಕು. ಕೆಲಸ ಕಲಿಸಿದ ಚಿಕ್ಕಪ್ಪ ಬೇರೆಲ್ಲವನ್ನೂ ಹೇಳಿ ಕಲಿಸಿದರು, ಇದೊಂದನ್ನು ಕಿವಿ ಹಿಂಡಿ ಕಲಿಸಿದರು.

ಮೇಜಿನ ಮೇಲೆ ಅರಣ್ಯ ಕಾವಲುಗಾರನ ಕಡುಹಸಿರು ಕೋಟೂ ಇತ್ತು. ಇಬ್ಬರದೂ ಎಳೆ ಬಿಡಿಸಿ, ಎರಡು ರಟ್ಟಿಗೆ ಸುತ್ತಿ, ಕಿಟಕಿಯ ಕಟ್ಟೆಯ ಮೇಲೇ ಬಿಟ್ಟೆ. ಈಗಿನ ನನ್ನ ಕಣ್ಣಿಗೆ ಜೇಬಿನ ಹಂಗೇಕೆ?

ಫೆಬ್ರವರಿ 14, ಶುಕ್ರವಾರ

ದೂರದ್ದು ಮಾತ್ರ ಮಸುಕಾಗಿದೆಯಲ್ಲ, ಅದಕ್ಕೊಂದು ಕನ್ನಡಕ ಮಾಡಿಸೋಣವೆಂದು ಮೂಲೆಯ ಕನ್ನಡಕದವರ ಅಂಗಡಿಗೆ ಹೋದೆ. ಗಾಜು ಹಾಕಿ, ತೆಗೆದು, ಹಾಕಿ, ತೆಗೆದು, ಹಳೆಯ ಚೀಟಿ ಹುಡುಕಿ ನೋಡಿದರು. ಅಕ್ಟೋಬರಿನಲ್ಲಿ ನನಗೆ ದೂರಕ್ಕೆ ಏನೂ ಬೇಕಿರಲಿಲ್ಲ, ಹತ್ತಿರಕ್ಕೆ ಎರಡು ನಂಬರು. ಈಗ ಅದು ತಿರುವುಮುರುವು. ಒಂದು ವಾರ ಬಿಟ್ಟು ಬನ್ನಿ, ಇನ್ನೊಮ್ಮೆ ನೋಡಿಯೇ ಮಾಡೋಣ ಎಂದರು. ಒಳ್ಳೆಯವರು, ಆದರೆ ಅನುಮಾನದ ಪಿಶಾಚಿ.

ಬೇಸಿಗೆ ಈ ವರ್ಷ ಬೇಗ ಬಂದಂತಿದೆ. ಹೂಜಿ ತುಂಬಿಸಿದಷ್ಟೂ ಖಾಲಿಯಾಗುತ್ತದೆ. ನನ್ನ ಬಟ್ಟೆಯ ಸೊಂಟವನ್ನು ಒಂದು ಇಂಚು ಒಳಗೆ ಹೊಲಿದುಕೊಂಡೆ. ಕನ್ನಡಕ ಹೋಯಿತು, ಹೊಟ್ಟೆ ಹೋಯಿತು. ಹೀಗೇ ಹೋದರೆ ಮದುವೆಗೆ ಹುಡುಗಿ ಇದ್ದಾಳೆ ಎಂದು ಅಕ್ಕ ಜಾಹೀರಾತು ಕೊಡಬೇಕಾದೀತು.

ಫೆಬ್ರವರಿ 18, ಮಂಗಳವಾರ

ಗಾರ್ಡ್ ಕೋಟು ಮುಗಿಯಿತು.

ನನ್ನ ಬದುಕಿನಲ್ಲಿ ಇಂಥ ಕೆಲಸ ಮಾಡಿಲ್ಲ. ಒಂದೊಂದು ಎಳೆಯೂ ನನಗಾಗಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು. ಊಟದ ಹೊತ್ತು ದಾಟಿದ್ದು ತಿಳಿಯಲಿಲ್ಲ. ಜಗತ್ತೆಲ್ಲಾ ಒಂದು ಅಂಗೈಯಷ್ಟಾಗಿ, ನಾನು ಅದರೊಳಗೆ ನಡೆದಾಡುತ್ತಿದ್ದೆ. ತಲೆ ಎತ್ತಿದರೆ ಹೊರಗೆ ಮಂಜು, ಹಕ್ಕಿ, ತೇಲುವ ಬಣ್ಣ. ಸುಖ ಎಂದರೆ ಇದೇ ಇರಬೇಕು.

ಫೆಬ್ರವರಿ 20, ಗುರುವಾರ

ಮೈಯೆಲ್ಲಾ ಉರಿಯುತ್ತಿದೆ.

ಕನ್ನಡಕದವರು ಮತ್ತೆ ನೋಡಿದರು. ಆರೇ ದಿನದಲ್ಲಿ ನಂಬರು ಇನ್ನಷ್ಟು ಬದಲಾಗಿದೆ. ನಾನು ಆರಿಸಿದ್ದ ಫ್ರೇಮನ್ನು ಅವರು ಡಬ್ಬಿಗೆ ವಾಪಸ್ ಇಟ್ಟುಬಿಟ್ಟರು.

"ನಂಬರು ಹೀಗೆ ಕುಣಿಯೋದು ಬರೀ ಕಣ್ಣಿನ ವಿಷಯ ಅಲ್ಲ ಅನ್ಸುತ್ತೆ. ಮೊದ್ಲು ರಕ್ತದಲ್ಲಿ ಸಕ್ಕರೆ ಎಷ್ಟಿದೆ ನೋಡಿಸಿ. ಅಲ್ಲೀವರೆಗೂ ನಾನು ಕನ್ನಡಕ ಮಾಡಿಕೊಡಲ್ಲ."

ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದರು. ಯಾರಿಗೂ ಇಲ್ಲ ಎಂದೆ.

ಯಾಕೆ ಹಾಗೆಂದೆನೋ. ಬಾಯಿ ತಾನಾಗಿಯೇ ಹೇಳಿಬಿಟ್ಟಿತು. ದಾರಿಯುದ್ದಕ್ಕೂ ಅವರನ್ನು ಬೈದುಕೊಂಡು ಬಂದೆ. ಸೂಜಿಗೆ ಬರಿಗಣ್ಣಲ್ಲಿ ದಾರ ಪೋಣಿಸುವವಳ ಕಣ್ಣಿಗೆ ಕಾಯಿಲೆಯಂತೆ. ಮನೆಗೆ ಬಂದರೆ ಅಕ್ಕ ಎಂದಿನ ಹಾಗೆ ಸೋದರತ್ತೆ ಬಂದಿದ್ದಾಳಾ ಎಂದು ಕೇಳಿದಳು. ಬಂದಿದ್ದಾಳೆ, ಇವತ್ತು ತುಂಬಾ ಸಿಟ್ಟಲ್ಲಿದ್ದಾಳೆ ಎಂದೆ.

ಫೆಬ್ರವರಿ 24, ಸೋಮವಾರ

ಗಾರ್ಡ್ ಕೋಟು ಒಯ್ಯಲು ಬಂದರು. ಎದೆಯ ಮೇಲೆ ಬೆರಳಾಡಿಸಿ ಖುಷಿಪಟ್ಟರು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದರು. 

"ಅಮ್ಮಾ, ಇದು ಹಸಿರು."

ನಾನು ನಕ್ಕೆ. ಅವರು ನಗಲಿಲ್ಲ. ಕೋಟನ್ನು ನನ್ನ ಮುಂದೆ ಹರವಿದರು. ನನಗೆ ಕಾಣಿಸಿದ್ದು ಒಂದೇ ಬಣ್ಣ. ಎಲ್ಲಿ ಕೋಟು ಮುಗಿದು ಎಲ್ಲಿ ನನ್ನ ನೇಯ್ಗೆ ಶುರುವಾಗಿದೆಯೆಂದು ನನಗೇ ಗೊತ್ತಾಗಲಿಲ್ಲ. ಕೆಳಗಿನಿಂದ ದರ್ಜಿಯನ್ನು ಕರೆದೆ. ಅವನು ನೋಡಿದ ಕೂಡಲೇ ತಲೆ ತಗ್ಗಿಸಿದ. ಎದೆಯ ಮೇಲೆ ಹಸಿರು ಎಲೆ ಅಂಟಿಕೊಂಡ ಹಾಗಿದೆ ಎಂದ. ಕಿಟಕಿ ಕಟ್ಟೆಯ ಮೇಲೆ ಉಳಿದಿದ್ದ ರಟ್ಟು ಕೊಟ್ಟೆ. ಅದು ಅಪ್ಪಟ ನೀಲಿಯಂತೆ. ಅರಣ್ಯದವನ ಎಳೆ ತೆಗೆದು ಗಾರ್ಡ್ ಎದೆಗೆ ನೇಯ್ದಿದ್ದೇನೆ. ಮೂವತ್ತು ವರ್ಷದ ಕೈಕೆಲಸದಲ್ಲೇ ಎಲ್ಲಕ್ಕಿಂತ ನಯವಾದ ನೇಯ್ಗೆ ಅದು.

ಗಾರ್ಡ್ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಕುರ್ಚಿ ಎಳೆದುಕೊಂಡು ಕೂತು, "ಕೆಂಪು ಹಸಿರು ನೋಡೋ ಕೆಲಸ ನಂದು. ಅದಕ್ಕೇ ನಮ್ಮ ಕಣ್ಣನ್ನ ಆಗಾಗ ಪರೀಕ್ಷೆ ಮಾಡ್ತಾರೆ. ನಿಮ್ಮ ಕಣ್ಣನ್ನ ಯಾರು ನೋಡ್ತಾರಮ್ಮಾ?" ಎಂದರು.

ಕೋಟು ಇಲ್ಲಿಯೇ ಬಿಟ್ಟುಹೋಗಿದ್ದಾರೆ. ಅಕ್ಕ ಅಷ್ಟು ಹೊತ್ತೂ ಒಳಗೆ ಗುಂಡಿ ಹಾಕುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು. ಡಬ್ಬಿಯ ಸದ್ದೇ ಇರಲಿಲ್ಲ.

ಫೆಬ್ರವರಿ 25, ಮಂಗಳವಾರ

ಬೆಳಿಗ್ಗೆ ಅಕ್ಕ ನನ್ನ ಹತ್ತಿರ ಬಂದು ಕೂತಳು. ನನ್ನ ಕನ್ನಡಕದ ಡಬ್ಬಿ ಟಪ್ಪೆಂದು ಮುಚ್ಚುವ ಸದ್ದು ಮೂರು ವಾರದಿಂದ ಕೇಳಿಸಿಲ್ಲವಂತೆ. ಹೂಜಿ ತುಂಬುವ ಸದ್ದು ಮಾತ್ರ ದಿನಕ್ಕೆ ನಾಲ್ಕು ಸಲ ಕೇಳುತ್ತದಂತೆ. ಅಂಚೆಯ ಗಾಡಿ ಬರುವುದು ನಾಲ್ಕೂವರೆಗೆ, ಅದು ಬಂದು ನಿಂತ ಮೇಲೂ ನಾನು ನಾಲ್ಕೂ ಐದು ಎನ್ನುತ್ತೇನಂತೆ. ಕಳ್ಳಿಯ ಹಾಗೆ ಸಿಕ್ಕಿಬಿದ್ದೆ.

ಆಗ ಎಲ್ಲವನ್ನೂ ಹೇಳಿದೆ. ಸೂಜಿ, ಮಂಜು, ಕನ್ನಡಕದವರು, ಮನೆಯಲ್ಲಿ ಯಾರಿಗೂ ಇಲ್ಲ ಎಂದು ಅವಳನ್ನೇ ಅಳಿಸಿ ಹಾಕಿದ್ದು. ಅವಳು ನೊಂದುಕೊಳ್ಳಲಿಲ್ಲ.

"ನನಗೂ ಹೀಗೇ ಆಗಿತ್ತು," ಎಂದಳು. "ಕನ್ನಡಕ ಇಲ್ಲದೆ ಪೇಪರ್ ಓದಿದ್ದೆ. ಕಣ್ಣು ವಾಪಸ್ ಬಂತು ಅಂತ ಆಫೀಸಲ್ಲಿ ಎಲ್ಲರಿಗೂ ಸಿಹಿ ಕೊಟ್ಟೆ. ನಾನೂ ಎರಡು ಜಾಸ್ತಿನೇ ತಿಂದೆ. ಯಾರೂ ನನಗೆ ಹೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಎರಡು ವರ್ಷ ಹಾಗೇ ಕಳೆದೆ."

ಅವಳು ಆಗ ಬೇರೆ ಊರಿನಲ್ಲಿದ್ದಳು. ಈ ಕಥೆ ನನಗೆ ಹೇಳಿರಲಿಲ್ಲ. ನಾಚಿಕೆಯಾಗಿತ್ತಂತೆ.

ಭಯ ಅಕ್ಕ ಎಂದೆ. ಮೊದಲ ಸಲ ಹಾಗೆ ಹೇಳಿದ್ದು. ಪರೀಕ್ಷೆ ಮಾಡಿಸಿ ಅದೇ ಎಂದು ಗೊತ್ತಾಗಿಬಿಟ್ಟರೆ ಏನು ಮಾಡಲಿ ಎಂದೆ.

"ಭಯಪಡು, ಬೇಡ ಅನ್ನಲ್ಲ. ಆದ್ರೆ ಈ ಮನೇಲಿ ಇರೋದು ಎರಡೇ ಕಣ್ಣು. ಅವು ನಿನ್ನೊಬ್ಬಳದ್ದೇ ಅಂದ್ಕೊಬೇಡ."

ನಾನು ಅತ್ತುಬಿಟ್ಟೆ. ಅವಳು ಗುಂಡಿಯ ಡಬ್ಬಿ ಮುಚ್ಚಿಟ್ಟು, ನಾಳೆ ಬೆಳಿಗ್ಗೆ ಏನೂ ತಿನ್ನದೆ ಹೊರಡಬೇಕು, ತಾನೂ ಬರುತ್ತೇನೆ ಎಂದಳು.

ಫೆಬ್ರವರಿ 26, ಬುಧವಾರ

ಸಕ್ಕರೆ ಇದೆ. ತುಂಬಾ ಇದೆ. ಚೀಟಿಯಲ್ಲಿನ ಅಂಕಿ ಕೇಳಿ ಅಕ್ಕ ಸುಮ್ಮನೆ ತಲೆಯಾಡಿಸಿದಳು.

ಕಣ್ಣಿನ ಡಾಕ್ಟರಮ್ಮ ಔಷಧಿ ಬಿಟ್ಟು, ಪಾಪೆ ಅಗಲವಾಗುವ ತನಕ ಕೂರಿಸಿ, ಆಮೇಲೆ ಒಳಗೆ ನೋಡಿದರು. ಕಣ್ಣಿನ ಹಿಂದಿನ ಪರದೆಯ ಚಿತ್ರವನ್ನು ತೋರಿಸಿದರು. ಕಿತ್ತಳೆ ಬಣ್ಣದ ಚಂದ್ರನ ಹಾಗೆ ಇತ್ತು. ಅದರಲ್ಲಿ ಮೂರು ಸಣ್ಣ ಕೆಂಪು ಚುಕ್ಕೆ. ರಕ್ತದಲ್ಲಿ ಸಕ್ಕರೆ ಏರಿದಾಗ ಕಣ್ಣಿನ ಮಸೂರ ಊದಿ ಹತ್ತಿರದ್ದು ಚೆನ್ನಾಗಿ ಕಾಣುತ್ತದೆಯಂತೆ. ಅದು ವರವಲ್ಲ, ಊತ. ಬಣ್ಣ ತಪ್ಪುವುದೂ ಕೆಲವರಲ್ಲಿ ಹೀಗೆ ಮುಂಚೆಯೇ ಶುರುವಾಗಬಹುದಂತೆ. ಚುಕ್ಕೆಗಳು ಇನ್ನೂ ಏನೂ ಕೆಡಿಸಿಲ್ಲ. ಸಕ್ಕರೆಯನ್ನು ಹತೋಟಿಯಲ್ಲಿಟ್ಟುಕೊಂಡು ತಪ್ಪದೆ ತೋರಿಸುತ್ತಿದ್ದರೆ ಈ ಕಣ್ಣು ಉಳಿಸಿಕೊಳ್ಳಬಹುದು ಎಂದರು. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದಾಗ ಅಕ್ಕನೇ ಮುಂದೆ ಬಿದ್ದು ಎಲ್ಲವನ್ನೂ ಹೇಳಿದಳು. ನಮ್ಮ ಮನೆಯಲ್ಲಿ ಇದೆ, ನನಗೇ ಇದೆ ಎಂದೂ ಹೇಳಿದಳು.

ಹೊರಗೆ ಬಂದರೆ ಹತ್ತಿರವೂ ಇಲ್ಲ, ದೂರವೂ ಇಲ್ಲ. ಬರೀ ಬೆಳಕು. ಬೀದಿ ಹಾಲಿನಲ್ಲಿ ಮುಳುಗಿತ್ತು. ಅದರೊಳಗಿಂದ ಗಾಡಿಗಳ ಸದ್ದು ಬರುತ್ತಿತ್ತು, ಗಾಡಿಗಳು ಇರಲಿಲ್ಲ. ಕಾಲಿಡಲು ಹೆದರಿ ನಿಂತುಬಿಟ್ಟೆ. ಅಕ್ಕ ನನ್ನ ಮೊಣಕೈ ಹಿಡಿದಳು. ಕೋಲು ತಟ್ಟಿಕೊಂಡು, ಇಲ್ಲಿ ಮೆಟ್ಟಿಲು, ಇಲ್ಲಿ ಬೇಕರಿ, ಇಲ್ಲಿ ಗೋಡೆ ಬಲಕ್ಕೆ ತಿರುಗುತ್ತೆ ಎಂದು ಹೇಳುತ್ತಾ ಮನೆಗೆ ಕರೆತಂದಳು. ಇಷ್ಟು ವರ್ಷ ನಾನೇ ಅವಳನ್ನು ನಡೆಸುತ್ತಿದ್ದೇನೆ ಎಂದುಕೊಂಡಿದ್ದೆ.

ಫೆಬ್ರವರಿ 28, ಶುಕ್ರವಾರ

ನಿನ್ನೆ ಗಾರ್ಡ್ ಬಂದು ನೀಲಿ ಎಳೆಯ ರಟ್ಟನ್ನು ತಾವೇ ನೋಡಿ ಆರಿಸಿಕೊಟ್ಟರು. ಅವರ ಕಣ್ಣೆದುರಿಗೇ ಅದನ್ನು ಕೋಟಿನ ಜೇಬಿಗೆ ಹಾಕಿದೆ. ಆಮೇಲೆ ನನ್ನ ಚೆಂದದ ನೇಯ್ಗೆಯನ್ನು ಎಳೆ ಎಳೆಯಾಗಿ ಬಿಚ್ಚಿದೆ. ಸಂಜೆಯ ತನಕ ಮತ್ತೆ ನೇಯ್ದೆ. ಮೊದಲಿನಷ್ಟು ನಯವಾಗಲಿಲ್ಲ.

ಇವತ್ತು ಕೊನೆಯ ಗಾಡಿಗೆ ಹೋಗುವ ಮುಂಚೆ ಬಂದು ಅದನ್ನು ಇಲ್ಲೇ ತೊಟ್ಟುಕೊಂಡರು. ಬಣ್ಣ ಸರಿಯಿದೆಯೇ ಎಂದು ದರ್ಜಿಯನ್ನು ಕೇಳಿದೆ, ಸರಿಯಿದೆ ಎಂದ. ನೇಯ್ಗೆ ಹೇಗಿದೆಯೆಂದು ಅಕ್ಕನ ಬೆರಳನ್ನು ಕೇಳಿದೆ. ಅವಳು ಹುಡುಕಿ ಹುಡುಕಿ, ಕೊನೆಗೆ, ಇಲ್ಲೇ ಸ್ವಲ್ಪ ಗಂಟು ಕಟ್ಟಿದೆ ಎಂದಳು. ಇರಲಿ ಬಿಡಿ, ನನ್ನ ಎದೆಯೂ ಇವತ್ತು ಹಾಗೇ ಇದೆ ಎಂದರು ಗಾರ್ಡ್. ಅವರು ಬೀದಿ ದಾಟಿ ಹೋದರು. ಎರಡೇ ಹೆಜ್ಜೆಗೆ ನನ್ನ ಪಾಲಿಗೆ ನೀಲಿ ಮಸುಕಾದರು.

ಮಾರ್ಚ್ 9, ಭಾನುವಾರ

ಮಾತ್ರೆ. ನಡಿಗೆ. ಸಪ್ಪೆ ಚಹಾ. ಅಕ್ಕ ಇದನ್ನು ಹದಿನೈದು ವರ್ಷದಿಂದ ಹೇಗೆ ಕುಡಿಯುತ್ತಿದ್ದಾಳೋ, ಒಂದು ದಿನವೂ ಕೇಳಿರಲಿಲ್ಲ. ಇವತ್ತು ಕೇಳಿದೆ. "ನಿನ್ನ ಲೋಟದ ವಾಸನೆ ಕುಡೀತಿದ್ದೆ" ಎಂದಳು.

ಮಾರ್ಚ್ 15, ಶನಿವಾರ

ಸೂಜಿಯ ತೂತು ಮುಚ್ಚಿಹೋಯಿತು. ಹಳೆಯ ಕನ್ನಡಕ ಹುಡುಕಿ ಹಾಕಿದರೂ ಮಸುಕು. ಇದಕ್ಕೇನಾ ಅಷ್ಟೊಂದು ಮಾತ್ರೆ ನುಂಗಿದ್ದು ಎಂದು ಮಧ್ಯಾಹ್ನವೆಲ್ಲಾ ಕಂಗಾಲಾಗಿ ಕೂತೆ. ಕನ್ನಡಕದವರ ಹತ್ತಿರ ಓಡಿದೆ. ಮೊದಲು ಅಕ್ಕನ ವಿಷಯದಲ್ಲಿ ಹೇಳಿದ ಸುಳ್ಳನ್ನು ಒಪ್ಪಿಕೊಂಡೆ. ಅವರು ಚೀಟಿಯ ಮೇಲೆ ಏನೋ ತಿದ್ದಿಕೊಂಡು, ಸಕ್ಕರೆ ಇಳಿದಿದೆ, ಕಣ್ಣು ಹಳೇ ಜಾಗಕ್ಕೆ ವಾಪಸ್ ಹೋಗ್ತಿದೆ, ಇನ್ನೂ ಕೆಲವು ವಾರ ಹೊಯ್ದಾಡುತ್ತೆ, ಅದು ನಿಂತ ಮೇಲೇ ಹೊಸ ಗಾಜು ಎಂದರು. ಆ ಫ್ರೇಮನ್ನು ಯಾರಿಗೂ ಮಾರದೆ ಎತ್ತಿಟ್ಟಿದ್ದಾರೆ.

ಮನೆಗೆ ಬಂದರೆ ಅಕ್ಕ ಸೂಜಿ ದಾರ ಕೇಳಿದಳು. ಸೂಜಿಯನ್ನು ತುಟಿಗೆ ತಾಗಿಸಿ, ನಾಲಿಗೆಯ ತುದಿಯಲ್ಲಿ ತೂತನ್ನು ಹುಡುಕಿ, ದಾರ ತೂರಿಸಿಬಿಟ್ಟಳು. ಒಂದಲ್ಲ, ಆರು ಸೂಜಿ. ಸಾಲಾಗಿ ಮೇಜಿನ ಮೆತ್ತೆಗೆ ಚುಚ್ಚಿಟ್ಟು, ನಾಳೆಗೆ ಸಾಕಾ ಎಂದಳು. ದಪ್ಪ ಬಟ್ಟೆಯ ಕೆಲಸ ಮಾತ್ರ ಒಪ್ಪಿಕೊಳ್ಳುತ್ತೇನೆ, ಸದ್ಯಕ್ಕೆ ಸಾಕು.

ಮಾರ್ಚ್ 21, ಶುಕ್ರವಾರ

ಅಕ್ಷರ ದಪ್ಪಗೆ ಬರೆಯುತ್ತಿದ್ದೇನೆ. ನನ್ನ ಬರಹ ನನಗೇ ಸರಿಯಾಗಿ ಕಾಣದು.

ನಾಲ್ಕು ಗಂಟೆಗೆ ಕಿಟಕಿಯ ಹತ್ತಿರ ಕೂತೆವು. ಗಡಿಯಾರದ ಮುಳ್ಳು ಕಾಣಿಸಿತು. ದೊಡ್ಡದು ಎರಡರ ಮೇಲಿತ್ತು. ನಾಲ್ಕೂ ಹತ್ತು ಎಂದೆ. ಅಕ್ಕ ಬೀದಿಗೆ ಕಿವಿಗೊಟ್ಟು ಕಾದಳು. ಸರಿಯಾಗಿ ಇಪ್ಪತ್ತು ನಿಮಿಷಕ್ಕೆ ಅಂಚೆಯ ಗಾಡಿ ಬಂದು ನಿಂತಿತು. ಅವಳ ಮುಖ ಸಡಿಲವಾಯಿತು. ಬೀದಿಯಲ್ಲಿ ಜನಕ್ಕೆಲ್ಲಾ ಮತ್ತೆ ಅಂಚು ಬಂದಿದೆ. ಧೂಳಿದೆ. ಬಸ್ಸು ಕೆಟ್ಟು ನಿಂತಿದೆ, ಇಬ್ಬರು ಅದರ ಮುಂದೆ ಜಗಳವಾಡುತ್ತಿದ್ದಾರೆ. ಇದನ್ನೆಲ್ಲಾ ವರದಿ ಮಾಡಿದೆ.

"ಸೋದರತ್ತೆ?" ಎಂದು ಕೇಳಿದಳು.

ನೋಡಿದೆ. ಗಡಿಯಾರದ ಕೆಳಗೆ, ಕಟ್ಟೆಯ ಮೊಳೆಗೆ ಸಿಕ್ಕಿಕೊಂಡು, ಒಂದು ಬಿಳಿ ಪ್ಲಾಸ್ಟಿಕ್ ಕವರ್. ಗಾಳಿ ಬಂದಾಗ ಉಬ್ಬುತ್ತಿತ್ತು, ನಿಂತಾಗ ಕುಸಿಯುತ್ತಿತ್ತು. ಒಂದೂವರೆ ತಿಂಗಳಿಂದ ದಿನವೂ ಅದರ ಸುದ್ದಿ ಹೇಳಿದ್ದೆ. ಅದಕ್ಕೆ ಸಿಟ್ಟು ಬರಿಸಿದ್ದೆ, ನೆಗಡಿ ಬರಿಸಿದ್ದೆ, ಒಂದು ದಿನ ಹಾರಿಸಿಯೂ ಇದ್ದೆ. ಹಾರಿಹೋಯಿತು ಎಂದುಬಿಡೋಣ ಅನಿಸಿತು. ಆರು ಸೂಜಿ ಪೋಣಿಸಿಕೊಟ್ಟವಳಿಗೆ ಹಾಗೆ ಹೇಳಲಾಗಲಿಲ್ಲ. ಅಕ್ಕಾ, ಅದು ಹಕ್ಕಿಯಲ್ಲ, ಹರಿದ ಕವರ್, ಮೊದಲಿಂದಲೂ ಕವರ್ರೇ ಇರಬೇಕು ಎಂದೆ.

ಅವಳು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಆಮೇಲೆ ನನ್ನ ಮುಖ ಹುಡುಕಿ, ಎರಡೂ ಹೆಬ್ಬೆರಳನ್ನು ನನ್ನ ರೆಪ್ಪೆಗಳ ಮೇಲೆ ಮೆಲ್ಲಗೆ ಇಟ್ಟಳು.

"ಕವರ್ ಅಂತ ಕಾಣಿಸ್ತಾ?"

ಕಾಣಿಸಿತು ಎಂದೆ.

"ಹಿಡಿಕೆ ಇದೆಯಾ ಅದಕ್ಕೆ?"

ಒಂದು ಇದೆ, ಇನ್ನೊಂದು ಹರಿದಿದೆ ಎಂದೆ.

"ಅಷ್ಟು ಕಂಡ್ರೆ ಸಾಕು ಕಣೆ," ಎಂದಳು. ಆಮೇಲೆ ಲೋಟವನ್ನು ನನ್ನ ಕೈಗಿತ್ತು, ಬಸ್ಸಿನ ಮುಂದಿನ ಜಗಳ ಎಲ್ಲಿಗೆ ಬಂತು, ಮುಂದಿನದು ಹೇಳು ಎಂದಳು.